ನೆನೆದ ಪುಸ್ತಕ, ಗಡಿ ದಾಟಿದ ಅಂಕಿ

ಕೃಷಿ ಪದವಿಯ ಕೊನೆಯ ವರ್ಷ ನನ್ನ ಪಾಲಿಗೆ ಬಂದದ್ದು ಬದನೆಯ ತಾಕು. ಕುಲಾಂತರಿಯೇನಲ್ಲ, ಸಾಮಾನ್ಯ ತಳಿಗಳನ್ನು ಅಕ್ಕಪಕ್ಕ ಬೆಳೆದು ಹೋಲಿಸುವ ಪ್ರಯೋಗ. ವಾರಕ್ಕೊಮ್ಮೆ ಪ್ರತಿ ತಾಕಿನಲ್ಲಿ ಐದು ಗಿಡ ಆರಿಸಿ, ಬಾಡಿದ ಕುಡಿ ಎಷ್ಟು, ತೂತಾದ ಕಾಯಿ ಎಷ್ಟು ಎಂದು ಎಣಿಸಿ ಬರೆಯಬೇಕು. ಕುಡಿ ಮತ್ತು ಕಾಯಿ ಕೊರೆಯುವ ಹುಳ ಹೊರಗಿನಿಂದ ಕಾಣುವುದಿಲ್ಲ. ಒಂದು ಸಣ್ಣ ತೂತು, ಅದರ ಬಾಯಲ್ಲಿ ಚೂರು ಹಿಕ್ಕೆ. ಕೊಯ್ದು ನೋಡಿದರೆ ಒಳಗೆ ತಿಳಿಗುಲಾಬಿ ಬಣ್ಣದ ಹುಳ ಆರಾಮವಾಗಿ ಕೂತಿರುತ್ತದೆ. ಅಡುಗೆ ಮನೆಯಲ್ಲಿ ಇದನ್ನು ನೋಡದವರು ಯಾರಿದ್ದಾರೆ?

ಒಂದು ವಾರ ಎಣಿಕೆಯ ನಡುವೆ ಮಳೆ ಹೊಡೆಯಿತು. ಪುಸ್ತಕ ನೆನೆದು ಶಾಯಿ ಕದಡಿ ಮೂರು ತಾಕುಗಳ ಅಂಕಿ ಓದಲಾಗದಂತೆ ಆಯಿತು. ಹಾಸ್ಟೆಲ್ಲಿಗೆ ಬಂದು ಹೊಸ ಪುಸ್ತಕಕ್ಕೆ ಎಲ್ಲವನ್ನೂ ನಕಲು ಮಾಡಿದೆ, ಆ ಮೂರು ತಾಕುಗಳನ್ನು ನೆನಪಿನಿಂದ ತುಂಬಿಸಿದೆ. ಯಾರಿಗೂ ಹೇಳಲಿಲ್ಲ. ವರದಿ ತಯಾರಾದಾಗ ಆ ಅಂಕಿಗಳೂ ಉಳಿದವುಗಳ ಜತೆ ಸರಾಸರಿಗೆ ಸೇರಿ, ದಶಮಾಂಶದ ನಂತರ ಎರಡು ಸ್ಥಾನಗಳವರೆಗೆ ಗಂಭೀರವಾಗಿ ನಿಂತಿದ್ದವು.

ಈ ಸಣ್ಣ ಕಳ್ಳತನ ವರ್ಷಗಳ ನಂತರ ನೆನಪಾದದ್ದು ಬಾಂಗ್ಲಾದೇಶದ ಸುದ್ದಿ ಓದುವಾಗ. 2013ರ ಅಕ್ಟೋಬರ್ 30ರಂದು ಆ ದೇಶ ನಾಲ್ಕು ಬಿಟಿ ಬದನೆ ತಳಿಗಳ ಬೇಸಾಯಕ್ಕೆ ಒಪ್ಪಿಗೆ ಕೊಟ್ಟಿತು. ಮರುವರ್ಷದ ಜನವರಿಯಲ್ಲಿ 20 ರೈತರ ಕೈಗೆ ಸಸಿಗಳು ಬಂದವು. ಆ ಬದನೆಯೊಳಗಿನ ವಂಶವಾಹಿ ಹೋದದ್ದು ಭಾರತದಿಂದ, ಮಹಿಕೋ ಕಂಪನಿಯಿಂದ. ಜತೆಗೆ ಕಡತವೂ ಹೋಗಿತ್ತು. ಇಲಿ, ಮೊಲ, ಮೇಕೆ, ಕೋಳಿ, ಮೀನು, ಹಾಲು ಕರೆಯುವ ಹಸು, ಹೀಗೆ ಭಾರತದಲ್ಲಿ ಬಿಟಿ ಬದನೆ ತಿಂದ ಪ್ರಾಣಿಗಳ ಲೆಕ್ಕವನ್ನು ಢಾಕಾದ ಅಧಿಕಾರಿಗಳು ಪರಿಗಣಿಸಿದರು.

ಅದೇ ಲೆಕ್ಕ ಇಲ್ಲಿ ಸಾಲಲಿಲ್ಲ. 2009ರ ಅಕ್ಟೋಬರಿನಲ್ಲಿ ಕೇಂದ್ರದ ಪರಿಶೀಲನಾ ಸಮಿತಿ ಹೂಂ ಎಂದಿತ್ತು. ಪರಿಸರ ಸಚಿವರಾಗಿದ್ದ ಜೈರಾಮ್ ರಮೇಶ್ ಏಳು ಊರುಗಳಲ್ಲಿ ಜನರ ಮಾತು ಕೇಳಿದರು. ಕೊನೆಯ ಸಭೆ ಬೆಂಗಳೂರಿನಲ್ಲಿ. ಅದಾಗಿ ಮೂರು ದಿನಕ್ಕೆ, 2010ರ ಫೆಬ್ರವರಿ 9ರಂದು, ಬಿಟಿ ಬದನೆಗೆ ತಡೆ ಬಿತ್ತು. ಅಡುಗೆ ಮಾಡಿದವರು ತಾವು ಉಣ್ಣದೆ ಪಕ್ಕದ ಮನೆಗೆ ಬಡಿಸಿದ ಹಾಗಾಯಿತು ಎಂದು ಗೆಳೆಯನೊಬ್ಬ ನಕ್ಕ. ನನಗೆ ಅಷ್ಟು ಸುಲಭವಾಗಿ ನಗು ಬರಲಿಲ್ಲ.

ಒಂದು ನೆಲದಲ್ಲಿ ಎಣಿಸಿದ್ದು ಇನ್ನೊಂದು ನೆಲಕ್ಕೆ ಎಷ್ಟು ಸಲ್ಲುತ್ತದೆ? ಬಿಟಿ ಬದನೆಯ ಗಿಡ ಕ್ರೈ1ಎಸಿ ಎಂಬ ಪ್ರೋಟೀನನ್ನು ತಾನೇ ತಯಾರಿಸುತ್ತದೆ. ಅದು ಮಣ್ಣಿನ ಒಂದು ಬ್ಯಾಕ್ಟೀರಿಯಾದಿಂದ ಬಂದದ್ದು. ಕಾಯಿಕೊರಕದ ಕ್ಷಾರೀಯ ಕರುಳಿನಲ್ಲಿ ಅದು ಅಂಟಿಕೊಂಡು ಗೋಡೆಯನ್ನು ತೂತು ಮಾಡುತ್ತದೆ. ನಮ್ಮ ಹೊಟ್ಟೆ ಆಮ್ಲದ್ದು, ಅದು ಅಂಟಿಕೊಳ್ಳುವ ಜಾಗವೂ ನಮ್ಮ ಕರುಳಿನಲ್ಲಿಲ್ಲ. ಈ ಸಂಗತಿ ಧಾರವಾಡಕ್ಕೊಂದು, ರಂಗಪುರಕ್ಕೊಂದು ಆಗುವುದಿಲ್ಲ. ಇಲಿಗೆ ಪಾಸ್‌ಪೋರ್ಟ್ ಬೇಕಿಲ್ಲ. ಅದೇ ಪರೀಕ್ಷೆಯನ್ನು ಪ್ರತಿ ದೇಶವೂ ಹೊಸದಾಗಿ ಮಾಡಬೇಕೆನ್ನುವುದು ಬಡ ದೇಶಗಳ ಸಾರ್ವಜನಿಕ ಸಂಸ್ಥೆಗಳನ್ನು ಕಣದಿಂದ ಹೊರಗಿಟ್ಟು, ಹಣವುಳ್ಳ ಕಂಪನಿಗಳನ್ನಷ್ಟೇ ಉಳಿಸುವ ದಾರಿ. ಇಷ್ಟರ ಮಟ್ಟಿಗೆ ನಾನು ಹಂಚಿಕೆಯ ಪರ.

ಆದರೆ ಗಿಡದ ಸುತ್ತಲಿನದ್ದು ಬೇರೆ ಮಾತು. ಜಪಾನ್ ಇದಕ್ಕೆ ಒಳ್ಳೆಯ ಉದಾಹರಣೆ. ಹೊರದೇಶದ ದತ್ತಾಂಶ ಎಷ್ಟೇ ಇರಲಿ, ನಮ್ಮ ಮಣ್ಣಿನಲ್ಲೂ ಒಮ್ಮೆ ಬೆಳೆದು ನೋಡಬೇಕು ಎನ್ನುತ್ತಿದ್ದ ದೇಶ ಅದು. ಮುಂದೆ ಪರಿಚಿತ ಗುಣಗಳ ಕುಲಾಂತರಿ ಮೆಕ್ಕೆಜೋಳಕ್ಕೆ ಈ ಹಟವನ್ನು ಸಡಿಲಿಸಿತು. ಮೆಕ್ಕೆಜೋಳದ ಕಾಡು ಸಂಬಂಧಿಗಳು ಇರುವುದು ಮೆಕ್ಸಿಕೋದ ಕಡೆ, ಜಪಾನಿನಲ್ಲಲ್ಲ. ಪರಾಗ ಹಾರಿದರೂ ಅದಕ್ಕೆ ಅಲ್ಲಿ ನೆಂಟರಿಲ್ಲ. ಸೋಯಾದ ಕತೆ ಹಾಗಲ್ಲ. ಅದರ ಕಾಡು ದಾಯಾದಿ ಜಪಾನಿನ ನದಿದಂಡೆಗಳಲ್ಲೇ ಬೆಳೆಯುತ್ತದೆ. ಅರ್ಜೆಂಟೀನಾದಲ್ಲಿ ನೂರು ಎಕರೆ ಬೆಳೆದು ಬರೆದಿಟ್ಟ ಲೆಕ್ಕವೂ ಈ ದಾಯಾದಿಯ ಬಗ್ಗೆ ಏನೂ ಹೇಳಲಾರದು, ಅರ್ಜೆಂಟೀನಾದಲ್ಲಿ ಅದು ಇಲ್ಲವೇ ಇಲ್ಲವಲ್ಲ. ಒಂದೇ ದೇಶ, ಎರಡು ಬೆಳೆ, ಎರಡು ಉತ್ತರ.

ಬದನೆಯ ವಿಷಯದಲ್ಲಿ ನಾವು ಇರುವುದು ಸೋಯಾದ ಜಪಾನಿನ ಜಾಗದಲ್ಲಿ. ಬದನೆ ವೈವಿಧ್ಯದ ತವರುಗಳಲ್ಲಿ ಇದೂ ಒಂದು. ಬೇಲಿ ಬದಿಯಲ್ಲಿ ಮುಳ್ಳಿನ ಕಾಡುಬದನೆ, ಊರಿಗೊಂದು ತಳಿ. ಉಡುಪಿಯ ಹತ್ತಿರದ ಮಟ್ಟು ಗ್ರಾಮದ ಗುಳ್ಳವನ್ನೇ ನೋಡಿ. ದುಂಡಗೆ, ಹಸಿರು ಗೆರೆ, ತೆಳು ಸಿಪ್ಪೆ. ಬೀಜ ಕೊಟ್ಟವರು ವಾದಿರಾಜರು ಎಂಬುದು ಅಲ್ಲಿನವರ ನಂಬಿಕೆ. 2011ರಲ್ಲಿ ಅದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆ ಬಂತು, ಅಂದರೆ ಆ ನೆಲವೇ ಅದರ ಗುಣ ಎಂದು ಸರ್ಕಾರವೇ ಒಪ್ಪಿದ ಹಾಗೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಬಿಟಿ ವಂಶವಾಹಿಯನ್ನು ಸೇರಿಸಲು ಆರಿಸಿಕೊಂಡ ಸ್ಥಳೀಯ ತಳಿಗಳಲ್ಲಿ ಉಡುಪಿಯದೂ ಇತ್ತು. ಸ್ಥಳೀಯ ತಳಿಗಳನ್ನು ಜೀವವೈವಿಧ್ಯ ಕಾಯಿದೆಯ ಅನುಮತಿ ಇಲ್ಲದೆ ಬಳಸಲಾಗಿದೆ ಎಂಬ ದೂರು ಆಮೇಲೆ ನ್ಯಾಯಾಲಯದವರೆಗೂ ಹೋಯಿತು. ಅಂಕಿ ಹಂಚಿಕೊಳ್ಳುವ ಮಾತು ಬಂದಾಗಲೆಲ್ಲ ಬೀಜ ಯಾರದ್ದು ಎಂಬ ಪ್ರಶ್ನೆಯೂ ಹಿಂದೆಯೇ ಬರುತ್ತದೆ.

ಬಾಂಗ್ಲಾದೇಶ ಎಲ್ಲವನ್ನೂ ಎರವಲು ತಂದಿತು ಎನ್ನುವವರು ಅರ್ಧ ಮಾತ್ರ ಹೇಳುತ್ತಾರೆ. ಪ್ರಾಣಿಗಳ ಪರೀಕ್ಷೆ ಎರವಲು, ನಿಜ. ಆದರೆ ಅಲ್ಲಿನ ಕೃಷಿ ಸಂಶೋಧನಾ ಸಂಸ್ಥೆ ತನ್ನದೇ ತಳಿಗಳಿಗೆ ವಂಶವಾಹಿಯನ್ನು ಸೇರಿಸಿ, ತನ್ನದೇ ಕೇಂದ್ರಗಳಲ್ಲಿ ಹಲವು ಹಂಗಾಮು ಬೆಳೆದು ಎಣಿಸಿತ್ತು. ಫಿಲಿಪೀನ್ಸ್ ಕೂಡ ಇದೇ ಬದನೆಯನ್ನು ತನ್ನ ನೆಲದಲ್ಲಿ ಪರೀಕ್ಷಿಸಲು ಹೊರಟಿತು. 2011ರಲ್ಲಿ ಲಾಸ್ ಬಾನ್ಯೋಸ್‌ನಲ್ಲಿ ಹೋರಾಟಗಾರರು ಪ್ರಯೋಗದ ಗಿಡಗಳನ್ನು ಕಿತ್ತುಹಾಕಿದರು. 2015ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಪ್ರಯೋಗವನ್ನು ತಡೆಯಿತು, ಮರುವರ್ಷ ತನ್ನ ತೀರ್ಪನ್ನೇ ಹಿಂತೆಗೆದುಕೊಂಡಿತು. 2022ರಲ್ಲಿ ಬೇಸಾಯಕ್ಕೆ ಒಪ್ಪಿಗೆ, 2024ರಲ್ಲಿ ಮತ್ತೆ ಮೇಲ್ಮನವಿ ನ್ಯಾಯಾಲಯದ ತಡೆ. ಗಿಡ ಕಿತ್ತವರ ಮೇಲೆ ನನಗೆ ಸಿಟ್ಟಿದೆ. ನಂಬಿಕೆ ಇಲ್ಲ ಎನ್ನುವವರು ನಂಬಲು ಬೇಕಾದ ಎಣಿಕೆಯನ್ನೇ ನಾಶ ಮಾಡಿದರೆ ಇನ್ನೇನು ಉಳಿಯುತ್ತದೆ?

ಆದರೂ ಅಪನಂಬಿಕೆ ಬರೀ ಹಟವಲ್ಲ. ನಮ್ಮಲ್ಲಿ ಬಿಟಿ ಬದನೆಯ ಸುರಕ್ಷತಾ ಕಡತ ಜನರ ಕಣ್ಣಿಗೆ ಬಿದ್ದದ್ದೇ ಮಾಹಿತಿ ಹಕ್ಕಿನ ಅರ್ಜಿ ಹಾಕಿ, ಸುಪ್ರೀಂ ಕೋರ್ಟಿನ ತನಕ ಜಗ್ಗಾಡಿದ ಮೇಲೆ. ಪರೀಕ್ಷೆ ಮಾಡಿಸಿದ್ದೂ ಬೀಜ ಮಾರಬೇಕಿದ್ದ ಕಂಪನಿಯೇ. ಸ್ವತಂತ್ರ ಪರೀಕ್ಷೆ ಬೇಕು ಎಂಬುದು ಜೈರಾಮ್ ರಮೇಶ್ ಅವರ ತಡೆಯಾಜ್ಞೆಯ ಕಾರಣಗಳಲ್ಲೊಂದು. ದೇಶದಿಂದ ದೇಶಕ್ಕೆ ಸರಾಸರಿಗಳು ಮಾತ್ರ ಹೋಗಿ, ತಾಕಿನ ಪುಸ್ತಕಗಳು ಬೀರುವಿನಲ್ಲೇ ಉಳಿದರೆ ಅದನ್ನು ಹಂಚಿಕೆ ಎನ್ನಲು ನನಗೆ ಬಾಯಿ ಬರುವುದಿಲ್ಲ. ಎಲ್ಲಿ ಮಳೆ ಬಂತು, ಯಾವ ತಾಕು ಕೆಟ್ಟಿತು, ಎಣಿಸಿದವರು ಯಾರು ಎಂಬುದು ಸರಾಸರಿಯಲ್ಲಿ ಇರುವುದಿಲ್ಲ. ನನ್ನ ವರದಿಯಲ್ಲಿ ಇರಲಿಲ್ಲ, ಗೊತ್ತಲ್ಲ.

ಈಗ ಲೆಕ್ಕ ಹಿಂದಕ್ಕೆ ಬರುವ ಸರದಿ. ಬಾಂಗ್ಲಾದ ಸಾವಿರಾರು ಹೊಲಗಳಲ್ಲಿ ಹತ್ತು ವರ್ಷಕ್ಕೂ ಮೇಲೆ ಬೆಳೆದ ಅನುಭವವಿದೆ. ಕೀಟನಾಶಕದ ಬಳಕೆ ಇಳಿದದ್ದನ್ನು ತೋರಿಸುವ ಅಧ್ಯಯನಗಳೂ ಇವೆ. ಇತ್ತ 2020ರಲ್ಲಿ ಬೇರೊಂದು ಬಿಟಿ ಬದನೆಯ ಪ್ರಯೋಗಕ್ಕೆ ಕರ್ನಾಟಕವೂ ಸೇರಿ ಎಂಟು ರಾಜ್ಯಗಳಲ್ಲಿ ಕೇಂದ್ರ ಸಮಿತಿ ಅನುಮತಿ ಕೊಟ್ಟಿತು, ಆಯಾ ರಾಜ್ಯ ಒಪ್ಪಿದರೆ ಎಂಬ ಷರತ್ತಿನೊಂದಿಗೆ. ನಾವು ಕಳಿಸಿದ ಇಲಿಗಳ ಲೆಕ್ಕವನ್ನು ಅವರು ಓದಿದ ಹಾಗೆ, ಅವರ ಹೊಲದ ಲೆಕ್ಕವನ್ನು ನಾವೂ ಓದಬಹುದು. ಕಾಡುಬದನೆಯದ್ದು ಮತ್ತು ಗುಳ್ಳದ್ದನ್ನು ಮಾತ್ರ ನಾವೇ ಎಣಿಸಬೇಕು.

ನೆನೆದ ಆ ಪುಸ್ತಕವನ್ನು ನಾನು ಎಸೆದಿಲ್ಲ. ಹಾಳೆಗಳು ಒಣಗಿ ಉಬ್ಬಿವೆ, ಮೂರು ತಾಕುಗಳ ಜಾಗದಲ್ಲಿ ನೀಲಿ ಮೋಡದಂಥ ಕಲೆ. ಯಾರಾದರೂ ಕೇಳಿದರೆ ತೋರಿಸೋಣ ಎಂದುಕೊಂಡಿದ್ದೆ. ಇಷ್ಟು ವರ್ಷದಲ್ಲಿ ಒಬ್ಬರೂ ಕೇಳಲಿಲ್ಲ.