ಗುಡುಗನ್ನು ಎಣಿಸಿದ ದಿನ

ಮೋಡ ಕವಿದರೆ ನಾವು ಬಟ್ಟೆ ಎತ್ತಿಕೊಂಡು ಮನೆಯೊಳಗೆ ಓಡುತ್ತೇವೆ. ಅಮೆರಿಕದ ಓಕ್ಲಹೋಮಾದಲ್ಲಿ ಮೋಡ ಕವಿದರೆ ಕಾರು ಹತ್ತಿ ಅದರ ಹಿಂದೆ ಹೊರಡುವವರೂ ಇದ್ದಾರೆ. ಮಗಳ ಮನೆಗೆಂದು ಅಲ್ಲಿನ ನಾರ್ಮನ್ ಊರಿಗೆ ಹೋಗಿದ್ದ ನಾನೂ ಎಪ್ಪತ್ಮೂರನೆಯ ವಯಸ್ಸಿನಲ್ಲಿ ಒಂದು ದಿನ ಅವರ ಜೊತೆ ಸೇರಿಕೊಂಡೆ.

ಆಗ ಮೇ ತಿಂಗಳು. ನಮ್ಮ ಹಿರಿಯೂರಿನ ಕಡೆ ಕೃತ್ತಿಕೆ ಮಳೆಯ ಕಾಲ. ಇಡೀ ಅಮೆರಿಕಕ್ಕೆ ಗುಡುಗು-ಬಿರುಗಾಳಿಯ ಮುನ್ಸೂಚನೆ ಕೊಡುವ ಸರ್ಕಾರಿ ಕೇಂದ್ರ ನಾರ್ಮನ್‌ನಲ್ಲೇ ಇದೆ. ಅಲ್ಲಿ ಅಪಾಯವನ್ನು ಐದು ಮೆಟ್ಟಿಲುಗಳಾಗಿ ವಿಂಗಡಿಸುತ್ತಾರೆ. ಅಂದು ರಾಜ್ಯದ ಪಶ್ಚಿಮ ಭಾಗಕ್ಕೆ ಮೂರನೆಯ ಮೆಟ್ಟಿಲು ಎಂದು ಬೆಳಿಗ್ಗೆಯೇ ಸುದ್ದಿ ಬಂತು. ಅಳಿಯಂದಿರ ಸಹೋದ್ಯೋಗಿಯೊಬ್ಬರು ತರಬೇತಿ ಪಡೆದ ಮೋಡ ವೀಕ್ಷಕರು. ಕಾರೂ ಅವರದೇ, ಓಡಿಸುವವರೂ ಅವರೇ.

"ಮಾವ, ಬರ್ತೀರಾ?" ಎಂದು ಅಳಿಯಂದಿರು ಕೇಳುವಷ್ಟರಲ್ಲಿ ಹತ್ತು ವರ್ಷದ ಮೊಮ್ಮಗ ಶೂ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದ. ಮಗಳು ಚಪಾತಿ, ಚಟ್ನಿಪುಡಿ ಕಟ್ಟಿಕೊಡುತ್ತಾ, "ಅಪ್ಪಾ, ಇವನನ್ನು ನಿನ್ನ ನಂಬಿಕೆಯ ಮೇಲೆ ಕಳಿಸ್ತಿದ್ದೀನಿ" ಎಂದಳು. ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ಪರರ ಹಣ ಎಣಿಸಿದವನು ನಾನು. ಒಪ್ಪಿಸಿದ್ದನ್ನು ಲೆಕ್ಕ ತಪ್ಪದೆ ಹಿಂತಿರುಗಿಸಬೇಕು ಎಂಬುದು ಗೊತ್ತಿತ್ತು.

ಪಶ್ಚಿಮಕ್ಕೆ ಸುಮಾರು 140 ಕಿ.ಮೀ. ದೂರದ ವೆದರ್‌ಫರ್ಡ್ ಕಡೆಗೆ ಹೊರಟೆವು. ದಾರಿಯುದ್ದಕ್ಕೂ ಬಲಿಯುತ್ತಿರುವ ಗೋಧಿ ಹೊಲ, ನಡುನಡುವೆ ಕೆಂಪು ಮಣ್ಣು. ಬಿರುಗಾಳಿ ಅಲ್ಲೇ ಏಕೆ ಹುಟ್ಟುತ್ತದೆ ಎಂದು ಕೇಳಿದೆ. ದಕ್ಷಿಣದ ಮೆಕ್ಸಿಕೊ ಕೊಲ್ಲಿಯಿಂದ ಬೆಚ್ಚಗಿನ ತೇವದ ಗಾಳಿ ಬರುತ್ತದೆ. ಪಶ್ಚಿಮದ ಎತ್ತರದ ನೆಲದಿಂದ ಒಣಗಾಳಿ ಬರುತ್ತದೆ. ಮೇಲೆ ತಣ್ಣನೆಯ ಗಾಳಿ ರಭಸದಿಂದ ಹರಿಯುತ್ತಿರುತ್ತದೆ. ತೇವದ ಗಾಳಿ ಮೇಲೇರುವಾಗ, ಎತ್ತರಕ್ಕೆ ತಕ್ಕಂತೆ ಗಾಳಿಯ ದಿಕ್ಕೂ ವೇಗವೂ ಬದಲಾದರೆ, ಇಡೀ ಮೋಡವೇ ಮೊಸರು ಕಡೆಯುವ ಕಡಗೋಲಿನಂತೆ ತಿರುಗತೊಡಗುತ್ತದೆ. ಅದಕ್ಕೆ ಸೂಪರ್‌ಸೆಲ್ ಎನ್ನುತ್ತಾರೆ. ಸುಂಟರಗಾಳಿಗಳಲ್ಲಿ ಅತಿ ಭೀಕರವಾದವು ಇಂಥ ಮೋಡಗಳಿಂದಲೇ ಇಳಿಯುತ್ತವೆ.

ಎಲ್ ರೀನೋ ಎಂಬ ಊರು ದಾಟುವಾಗ ನಮ್ಮ ಸಾರಥಿಯ ಮಾತು ನಿಂತಿತು. ಆಮೇಲೆ ಅವರೇ ಹೇಳಿದರು. 2013ರ ಮೇ 31ರಂದು ಅಲ್ಲಿ ಎದ್ದ ಸುಂಟರಗಾಳಿಯ ಅಗಲ 4.2 ಕಿ.ಮೀ. ಇತ್ತು. ಅದನ್ನು ಅಭ್ಯಾಸ ಮಾಡಲು ಹೋಗಿದ್ದ ಟಿಮ್ ಸಮರಾಸ್, ಅವರ ಮಗ ಪಾಲ್, ಜೊತೆಗಾರ ಕಾರ್ಲ್ ಯಂಗ್ ಮೂವರೂ ಅಂದು ತೀರಿಕೊಂಡರು. ಆ ಸುಂಟರಗಾಳಿ ಥಟ್ಟನೆ ಹಿಗ್ಗಿ, ದಿಕ್ಕು ಬದಲಿಸಿತ್ತು. ವಿದ್ಯೆ ಬಲ್ಲವರಿಗೇ ಹೀಗಾದರೆ ನಮ್ಮಂಥವರ ಪಾಡೇನು ಎಂದುಕೊಂಡೆ.

ವೆದರ್‌ಫರ್ಡ್ ಸುತ್ತ ಸಾಲುಸಾಲು ಗಾಳಿಯಂತ್ರಗಳು. ಚಿತ್ರದುರ್ಗದ ಗುಡ್ಡಗಳು ನೆನಪಾದವು. ಮಧ್ಯಾಹ್ನವೆಲ್ಲಾ ಬರೀ ಕಾಯುವ ಕೆಲಸ. ಸಂಜೆ ಐದರ ಹೊತ್ತಿಗೆ ಹೂಕೋಸಿನಂಥ ಮೋಡವೊಂದು ಎದ್ದು, ನೋಡನೋಡುತ್ತಿದ್ದಂತೆ ಆಕಾಶಕ್ಕೆ ತಾಗಿತು. ನಾವು ಮಣ್ಣುರಸ್ತೆಯ ಪಕ್ಕ ಕಾರು ನಿಲ್ಲಿಸಿ ಇಳಿದೆವು. ಮೋಡದ ಅಡಿಭಾಗ ಕಪ್ಪಗೆ ಜೋತುಬಿದ್ದು ನಿಧಾನವಾಗಿ ತಿರುಗುತ್ತಿತ್ತು.

ಮಿಂಚಿತು. ನಾನು ಎಣಿಸತೊಡಗಿದೆ. ನಲವತ್ತೆರಡಕ್ಕೆ ಗುಡುಗು ಕೇಳಿಸಿತು.

"ಏನು ಎಣಿಸ್ತಿದ್ದೀಯ ತಾತಾ?"

ಶಬ್ದ ಒಂದು ಕಿಲೋಮೀಟರ್ ಸಾಗಲು ಸುಮಾರು ಮೂರು ಸೆಕೆಂಡು ಬೇಕು. ನಲವತ್ತೆರಡನ್ನು ಮೂರರಿಂದ ಭಾಗಿಸಿದರೆ ಹದಿನಾಲ್ಕು. ಸಿಡಿಲು ಅಷ್ಟು ಕಿ.ಮೀ. ದೂರ. ಎಣಿಕೆ ಮೂವತ್ತಕ್ಕಿಂತ ಕಡಿಮೆಯಾದರೆ ಬಯಲಲ್ಲಿ ನಿಲ್ಲಬಾರದು. ಇದನ್ನು ನಮಗೆ ಕಲಿಸಿದವರು ನಮ್ಮೂರ ಶಾಲೆಯ ಮೇಷ್ಟ್ರು. ನನ್ನ ಪಕ್ಕ ಕೂರುತ್ತಿದ್ದ ಹುಡುಗ ಮಳೆಗೆ ಹೆದರಿ ಹುಣಸೆಮರದಡಿ ನಿಂತು ಸಿಡಿಲಿಗೆ ಬಲಿಯಾದ ಮರುವಾರ ಕಲಿಸಿದ್ದು. ಇದನ್ನು ಮೊಮ್ಮಗನಿಗೆ ನಾನು ಅಲ್ಲಿಯವರೆಗೂ ಹೇಳಿರಲಿಲ್ಲ. ಅಂದು ಹೇಳಿದೆ. ಅವನು ನನ್ನ ಕೈ ಹಿಡಿದುಕೊಂಡ.

ಮತ್ತೆ ಮಿಂಚು. ಇಬ್ಬರೂ ಎಣಿಸಿದೆವು. ಮೂವತ್ತಮೂರು. ಮುಂದಿನದು ಇಪ್ಪತ್ತೇಳು. "ಎಲ್ಲರೂ ಕಾರಿನೊಳಗೆ!" ಎಂದೆ.

"ಇನ್ನು ಐದು ಮೈಲಿ ಮುಂದೆ ಹೋದರೆ ಮೋಡದ ಬುಡವೇ ಕಾಣುತ್ತದಂತೆ" ಎಂದರು ಅಳಿಯಂದಿರು. ಮೊಮ್ಮಗ, "ಪ್ಲೀಸ್ ತಾತಾ" ಎಂದ. ಸುಳ್ಳೇಕೆ ಹೇಳಲಿ, ನನಗೂ ಆಸೆಯಿತ್ತು. ಆದರೆ ಮುಂದಿನದು ಬರೀ ಮಣ್ಣುರಸ್ತೆ. ಮಳೆ ಬಿದ್ದರೆ ಕೆಂಪು ಮಣ್ಣಿನಲ್ಲಿ ಚಕ್ರ ಹೂತುಕೊಳ್ಳುವುದು ಹಿರಿಯೂರಿನವನಿಗೆ ಯಾರೂ ಕಲಿಸಬೇಕಿಲ್ಲ. "ಬೇಡಿ, ತಿರುಗಿಸಲು ಹೇಳಿ. ಇವತ್ತಿನ ಲೆಕ್ಕ ಇಲ್ಲಿಗೆ ಮುಗಿಯಲಿ" ಎಂದೆ. ಸಾರಥಿ ತಲೆಯಾಡಿಸಿ ಕಾರನ್ನು ದಕ್ಷಿಣಕ್ಕೆ ತಿರುಗಿಸಿದರು. ಮೊಮ್ಮಗ ಮುಖ ಊದಿಸಿಕೊಂಡ.

ಡಾಂಬರು ರಸ್ತೆ ಸೇರುವ ಮುನ್ನವೇ ಆಲಿಕಲ್ಲು ಹಿಡಿಯಿತು. ಮೊದಲು ಕಡಲೆಕಾಯಿ ಬೀಜದಷ್ಟು, ಆಮೇಲೆ ಬೆಟ್ಟದ ನೆಲ್ಲಿಕಾಯಷ್ಟು. ಮುಂದಿನ ಗಾಜಿನ ಮೇಲೆ ಒಂದು ಗೆರೆ ಮೂಡಿತು. ಯಾರೂ ಮಾತಾಡಲಿಲ್ಲ. ಅಷ್ಟರಲ್ಲಿ ಫೋನುಗಳು ಒಟ್ಟಿಗೆ ಅರಚಿಕೊಂಡವು. ಸುಂಟರಗಾಳಿಯ ಎಚ್ಚರಿಕೆ! ನಕ್ಷೆಯ ಮೇಲಿನ ಕೆಂಪು ಗೆರೆಯೊಳಗೆ ನಾವು ಹೋಗಬೇಕೆಂದಿದ್ದ ಮಣ್ಣುರಸ್ತೆಯೂ ಇತ್ತು. ಆಗಲೇ ನಾವು ಆ ಗೆರೆಯಿಂದ ಹೊರಗಿದ್ದೆವು.

ಇಪ್ಪತ್ತು ಮೈಲಿ ದಕ್ಷಿಣಕ್ಕೆ ಬಂದು, ಒಂದು ಪೆಟ್ರೋಲ್ ಬಂಕಿನಲ್ಲಿ ನಿಂತು ಹಿಂತಿರುಗಿ ನೋಡಿದೆವು. ಹತ್ತಿರವಿದ್ದಾಗ ಬರೀ ಕತ್ತಲಾಗಿದ್ದ ಮೋಡ ಈಗ ಬುಡದಿಂದ ತುದಿಯವರೆಗೆ ಇಡಿಯಾಗಿ ಕಾಣುತ್ತಿತ್ತು. ತಲೆ ಕಮ್ಮಾರನ ಅಡಿಗಲ್ಲಿನಂತೆ ಚಪ್ಪಟೆ, ಮೈಗೆಲ್ಲಾ ಸಂಜೆಯ ಕೇಸರಿ, ಒಳಗೊಳಗೇ ಮಿಂಚು. ಮೊಮ್ಮಗ ಚಪಾತಿ ಕೈಯಲ್ಲಿ ಹಿಡಿದು ತಿನ್ನುವುದನ್ನೇ ಮರೆತಿದ್ದ. ಮಿಂಚಿದಾಗಲೆಲ್ಲಾ ಎಣಿಸಿದ. ತೊಂಬತ್ತಾದರೂ ಗುಡುಗು ಕೇಳಲಿಲ್ಲ.

ರಾತ್ರಿ ಹತ್ತಕ್ಕೆ ಮನೆ ಸೇರಿದೆವು. ಮಗಳು ಬಾಗಿಲಲ್ಲೇ ನಿಂತಿದ್ದಳು. "ತಗೋಮ್ಮಾ, ಒಪ್ಪಿಸಿದ್ದು ಸರಿಯಾಗಿದೆಯಾ ನೋಡಿಕೊ" ಎಂದೆ.

ಮಕ್ಕಳೇ, ಈಗ ಹಿರಿಯೂರಿನಲ್ಲಿ ಮಿಂಚಿದರೆ ನಾನು ಬಾಗಿಲ ಒಳಗೆ ನಿಂತು ಎಣಿಸುತ್ತೇನೆ. ನೀವೂ ಅಜ್ಜ ಅಜ್ಜಿಯರ ಜೊತೆ ಮನೆಯೊಳಗಿದ್ದು ಎಣಿಸಿ, ಮೂರರಿಂದ ಭಾಗಿಸಿ. ಗುಡುಗು ನಿಂತ ಮೇಲೂ ಅರ್ಧ ಗಂಟೆ ಹೊರಗೆ ಹೋಗಬೇಡಿ. ಮರದಡಿಯಂತೂ ಯಾವತ್ತೂ ಬೇಡ.