ಕಾಡಿನಂಚಿನ ಮನೆ ಮತ್ತು ದಿಗ್ವ್ರತ

ಮನೆಯೆಂದರೆ ಗಾಳಿ, ಬೆಳಕು, ನೆಮ್ಮದಿ ಎಂದು ನಮ್ಮ ಹಿರಿಯರು ಎಣಿಸಿದ್ದರು. ಈಗ ಅದರೊಡನೆ ನೋಟವೂ ಸೇರಿದೆ. ಬೆಟ್ಟ, ಕಡಲತೀರ, ವನ್ಯಪ್ರಾಣಿ ಇವೆಲ್ಲವೂ ಮನೆಯ ಸನಿಹದಲ್ಲಿವೆಯೆಂದು ಹೇಳಿಕೊಳ್ಳುವ ವಸತಿ ಸಮುಚ್ಚಯಗಳು ಉಷ್ಣವಲಯದ ಹಲವು ದೇಶಗಳಲ್ಲಿವೆ. ಬೆಂಗಳೂರಿಗೆ ಕಡಲಿಲ್ಲ, ಕಾಡಿದೆ. ಆದುದರಿಂದ ಎಲೆಕ್ಟ್ರಾನಿಕ್ ಸಿಟಿ, ಜಿಗಣಿ, ಆನೇಕಲ್ ಕಡೆಯ ಜಾಹೀರಾತುಗಳು ಬನ್ನೇರುಘಟ್ಟದ ಹಸಿರಿಗೇ ಬೆಲೆ ಕಟ್ಟುತ್ತವೆ. ಅಂಥದೊಂದು ಸಮುಚ್ಚಯದಲ್ಲಿ ನಾನು ಒಂಬತ್ತು ವರ್ಷಗಳಿಂದ ವಾಸಿಸುತ್ತಿದ್ದೇನೆ. ಅಲ್ಲಿನ ಬದುಕಿನಿಂದ ಹುಟ್ಟಿದ ಒಂದು ವಿಚಾರವನ್ನು ಓದುಗ ಬಂಧುಗಳ ಮುಂದಿಡುತ್ತೇನೆ.

ಬನ್ನೇರುಘಟ್ಟವನ್ನು ರಾಷ್ಟ್ರೀಯ ಉದ್ಯಾನವೆಂದು ಘೋಷಿಸಿದುದು 1974ರಲ್ಲಿ. ಎಲೆಕ್ಟ್ರಾನಿಕ್ ಸಿಟಿಗೆ ನೆಲೆ ದೊರೆತುದು 1978ರಲ್ಲಿ, ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರು ಗ್ರಾಮಗಳ 332 ಎಕರೆ ಭೂಮಿಯಲ್ಲಿ. ಎರಡರ ನಡುವೆ ಆಗ ಇದ್ದುದು ರಾಗಿಯ ಹೊಲ, ಕೆರೆ, ತೋಪು. ಈ ಕಾಡು ದಕ್ಷಿಣಕ್ಕೆ ಕಾವೇರಿ ವನ್ಯಜೀವಿಧಾಮದತ್ತ, ತಮಿಳುನಾಡಿನ ಹೊಸೂರು ಅರಣ್ಯಗಳತ್ತ ಚಾಚಿಕೊಂಡಿದೆ. ಆನೆಗಳಿಗೆ ಅದು ಹೋಗಿಬರುವ ದಾರಿ. ರಾಗಿ ತೆನೆ ಬಲಿಯುವ ಕಾಲಕ್ಕೆ ಅವು ಅಂಚಿನ ಹೊಲಗಳಿಗೆ ಇಳಿಯುವುದು ಹೊಸ ಸಂಗತಿಯಲ್ಲ. ಹೊಸದಾಗಿ ಬಂದವರು ನಾವು. ಉದ್ಯಾನದ ಸುತ್ತಣ ಪರಿಸರ ಸೂಕ್ಷ್ಮ ವಲಯವು 2016ರ ಕರಡಿನಲ್ಲಿ ಸುಮಾರು 268 ಚದರ ಕಿಲೋಮೀಟರ್ ಇದ್ದುದು 2020ರ ಅಂತಿಮ ಅಧಿಸೂಚನೆಯಲ್ಲಿ ಸುಮಾರು 168ಕ್ಕೆ ಇಳಿಯಿತು.

2016ರ ಫೆಬ್ರವರಿಯಲ್ಲಿ ವೈಟ್‌ಫೀಲ್ಡ್ ಕಡೆಯ ಶಾಲೆಯೊಂದಕ್ಕೆ ಚಿರತೆ ಹೊಕ್ಕು ಕೆಲವರು ಗಾಯಗೊಂಡಿದ್ದರು. 2023ರ ಅಕ್ಟೋಬರ್ ಕೊನೆಯಲ್ಲಿ ಸಿಂಗಸಂದ್ರ, ಕೂಡ್ಲು ಭಾಗದಲ್ಲಿ ಮತ್ತೊಂದು ಕಾಣಿಸಿಕೊಂಡಿತು. ನವೆಂಬರ್ 1ರಂದು ಸೆರೆಸಿಕ್ಕಿ ಅಂದೇ ಪ್ರಾಣಬಿಟ್ಟಿತು. ಆ ವಾರ ನಮ್ಮ ನಿವಾಸಿಗಳ ಸಂಘದ ಸಭೆ ಕಿಕ್ಕಿರಿದಿತ್ತು. ಸುತ್ತಣ ಚಿರತೆಗಳನ್ನೆಲ್ಲ ಹಿಡಿದು ದೂರದ ಕಾಡಿಗೆ ಬಿಡಬೇಕೆಂಬ ಮನವಿಗೆ ಸಹಿ ಕೇಳಲಾಯಿತು. ನಾನು ಸಹಿ ಮಾಡದೆ ಅದರ ಕಾರಣವನ್ನು ಹೇಳಿದೆ. ಮಹಾರಾಷ್ಟ್ರದ ಜುನ್ನರ್‌ನಲ್ಲಿ ಹಿಡಿದ ಚಿರತೆಗಳನ್ನು ಬೇರೆಡೆ ಬಿಟ್ಟ ಮೇಲೆ ಮನುಷ್ಯರ ಮೇಲಿನ ದಾಳಿ ಹೆಚ್ಚಿತೆಂಬುದನ್ನು ವಿದ್ಯಾ ಅತ್ರೇಯ ಮತ್ತು ಅವರ ಸಂಗಡಿಗರ ಅಧ್ಯಯನ ತೋರಿಸಿದೆ. ನಮ್ಮ ಭಯವನ್ನು ಕಾಣದ ಹಳ್ಳಿಯೊಂದರ ಬಾಗಿಲಿಗೆ ಸಾಗಿಸುವುದನ್ನು ಅಹಿಂಸೆಯೆನ್ನಲು ನನ್ನಿಂದಾಗಲಿಲ್ಲ.

ಎಳೆಯ ಮಗುವಿನ ತಾಯಿಯೊಬ್ಬರು, "ಹಾಗಾದರೆ ನಾವೇನು ಮಾಡಬೇಕು?" ಎಂದು ಕೇಳಿದರು. ಅದು ಉತ್ತರಕ್ಕೆ ಯೋಗ್ಯವಾದ ಪ್ರಶ್ನೆ. ಚಿರತೆ ವಸತಿಯತ್ತ ಬರುವುದು ಬಹುಮಟ್ಟಿಗೆ ನಾಯಿಗಳಿಗಾಗಿ, ನಾಯಿಗಳು ಸೇರುವುದು ಕಸಕ್ಕಾಗಿ, ಕಸವಂತೂ ನಮ್ಮದೇ. ಹಿಂಬದಿಯ ತೆರೆದ ಕಸದ ಗುಂಡಿಯ ಬದಲು ಮುಚ್ಚಿದ ಕೋಣೆ ಬಂದಿತು. ಗೋಡೆಗೆ ಒತ್ತಿದ ಪೊದೆಗಳನ್ನು ಸವರಲಾಯಿತು. ಕಾಡಿನ ಕಡೆ ಉರಿಯುತ್ತಿದ್ದ ದೀಪಗಳನ್ನು ಕಾಲುದಾರಿಯತ್ತ ತಿರುಗಿಸಿದರು. ಮುಸ್ಸಂಜೆಯ ಅನಂತರ ಮಕ್ಕಳನ್ನು ಹಿಂದಿನ ಬಯಲಿಗೆ ಒಂಟಿಯಾಗಿ ಕಳುಹಿಸುವುದಿಲ್ಲ. ಮನವಿಯನ್ನು ಕೆಲವರು ಕಳುಹಿಸಿಯೇ ಕಳುಹಿಸಿದರು. ಕಸದ ಕೋಣೆಗೆ ಮಾತ್ರ ಯಾರ ವಿರೋಧವೂ ಬರಲಿಲ್ಲ.

ಇವೆಲ್ಲ ಉಪಾಯಗಳು. ಮೂಲವಿರುವುದು ಬೇರೆಡೆ. ಗೃಹಸ್ಥನ ಗುಣವ್ರತಗಳಲ್ಲಿ ಮೊದಲನೆಯದು ದಿಗ್ವ್ರತ. ಹತ್ತು ದಿಕ್ಕುಗಳಲ್ಲಿಯೂ ಇಷ್ಟರಾಚೆಗೆ ಹೋಗೆನೆಂದು ಎಲ್ಲೆ ಕಟ್ಟಿಕೊಳ್ಳುವ ವ್ರತವದು. ಆ ಎಲ್ಲೆಗೆ ಗುರುತು ಯಾವುದಿರಬೇಕು? ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಸಮುದ್ರ, ನದಿ, ಅಡವಿ, ಬೆಟ್ಟಗಳನ್ನು ಹೆಸರಿಸುತ್ತದೆ. ಇಂದಿನ ಜಾಹೀರಾತು ಆಕರ್ಷಣೆಯೆಂದು ಮಾರುವ ಅವೇ ಕಡಲು, ಕಾಡು, ಬೆಟ್ಟಗಳನ್ನು ಆಚಾರ್ಯರು ನಿಲ್ಲುವ ಸ್ಥಳವೆಂದು ತೋರಿಸಿದ್ದಾರೆ. ಎಲ್ಲೆಯ ಆಚೆಗೆ ಸೂಕ್ಷ್ಮವಾದ ಪಾಪವೂ ನಿಲ್ಲುವುದರಿಂದ ಅಲ್ಲಿಯ ಮಟ್ಟಿಗೆ ಗೃಹಸ್ಥನ ಅಣುವ್ರತವು ಮಹಾವ್ರತದಂತಾಗುತ್ತದೆ ಎಂಬುದು ಅವರ ಅಭಿಪ್ರಾಯ. ನಾವು ಹೋಗದ ಕಾಡಿನಲ್ಲಿ ನಮ್ಮಿಂದ ಹಿಂಸೆಯಾಗದು ಎಂಬುದು ಎಷ್ಟು ಸರಳವಾದ ಲೆಕ್ಕ!

ಎರಡನೆಯ ಮನೆಗಾಗಿ ನಿವೇಶನ ಹುಡುಕುವ ಕುಟುಂಬಗಳೂ ಯಾತ್ರಿನಿವಾಸಕ್ಕೆ ಜಾಗ ನೋಡುವ ಬಸದಿಯ ಟ್ರಸ್ಟುಗಳೂ ಕ್ರಯಪತ್ರಕ್ಕೆ ಮೊದಲು ಒಮ್ಮೆ ನಕ್ಷೆಯನ್ನು ಬಿಡಿಸಿ ನೋಡಲಿ. ಆನೆಯ ದಾರಿ, ಕೆರೆಯ ಅಂಗಳ, ಕಾಡಿನ ಅಂಚು ಎಲ್ಲಿವೆಯೆಂದು ಊರಿನ ಹಿರಿಯ ರೈತರನ್ನು ಕೇಳಲಿ. ಅವು ಅಡ್ಡ ಬಂದರೆ ಆ ಜಾಗವನ್ನು ಬಿಟ್ಟು ಊರಿನ ಕಡೆಗೆ ಸರಿಯುವುದು ಇಂದಿನ ದಿಗ್ವ್ರತವೆಂದು ನಾನು ನಂಬಿದ್ದೇನೆ.