ಉಸಿರು ಕಟ್ಟಿದ ಸ್ವರಗಳು

ಹಿಂದೆ ನಾನು ಸೇವೆ ಸಲ್ಲಿಸಿದ ಧರ್ಮಕೇಂದ್ರವೊಂದರಲ್ಲಿ, ಕಾಲಿನಿಂದ ತಿದಿ ತುಳಿದು ನುಡಿಸುವ ಹಳೆಯ ಹಾರ್ಮೋನಿಯಂ ಒಂದಿತ್ತು. ಅದರ ರೀಡುಗಳು ಒಂದೊಂದಾಗಿ ಕೆಡತೊಡಗಿದಾಗ, ಪ್ರತಿ ಸ್ವರವನ್ನೂ ಬಿಡಿಬಿಡಿಯಾಗಿ ಧ್ವನಿಮುದ್ರಿಸಿ ಕೀಬೋರ್ಡಿಗೆ ಅಳವಡಿಸಲು 2018ರಲ್ಲಿ ನಿರ್ಧರಿಸಿದೆವು. ಹೀಗೆ ಹಿಡಿದಿಟ್ಟ ಸ್ವರವನ್ನು ಸ್ಯಾಂಪಲ್ ಎನ್ನುತ್ತಾರೆ.

ನಲವತ್ತು ವರ್ಷ ಅದನ್ನು ನುಡಿಸಿದ್ದ ಮೇಷ್ಟ್ರು ಪ್ರತಿ ಕೀಯನ್ನೂ ಮೂರು ಬಾರಿ ನುಡಿಸಿದರು: ಮೆಲ್ಲಗೆ, ಮಧ್ಯಮವಾಗಿ, ಜೋರಾಗಿ. ಮೆಲ್ಲನೆಯದು ನನಗೆ ತೀರಾ ಕ್ಷೀಣವೆನಿಸಿತು. ಮುದ್ರಿಸಲು ಬಂದಿದ್ದ ಯುವಕನಿಗೆ, “ಎಲ್ಲವೂ ಒಂದೇ ಸಮನೆ ಕೇಳುವಂತೆ ಮಾಡಪ್ಪಾ” ಎಂದೆ. ಆತ ಅಳುಕುತ್ತಲೇ ಕಂಪ್ರೆಸರ್ ಜೋಡಿಸಿದ. ಮೇಷ್ಟ್ರು ಕೇಳಿ ನೋಡಿ, “ಉಸಿರು ಕಟ್ಟಿದ ಹಾಗಿದೆಯಲ್ಲ, ಸ್ವಾಮಿ” ಎಂದರು. ವಯಸ್ಸಾದವರ ಕಿವಿ ಎಂದುಕೊಂಡೆ. ಸೆಮಿನರಿಯಲ್ಲಿ ಗಾನವೃಂದ ನಡೆಸಿದ್ದೆನೆಂಬ ಬಿಂಕ ಬೇರೆ!

ಕಂಪ್ರೆಸರಿನ ಕೆಲಸ ಸರಳವಾದುದು. ಗೊತ್ತುಪಡಿಸಿದ ಮಿತಿಯನ್ನು ಧ್ವನಿ ಮೀರಿದಾಗ, ಮೀರಿದ ಭಾಗವನ್ನು ಅದು ಕುಗ್ಗಿಸುತ್ತದೆ. ಅನುಪಾತವನ್ನು 4ಕ್ಕೆ 1 ಎಂದಿಟ್ಟರೆ, 8 ಡೆಸಿಬಲ್ ಮೀರಿದ ಧ್ವನಿ 2 ಡೆಸಿಬಲ್ ಮಾತ್ರ ಮೀರಿ ಹೊರಬರುತ್ತದೆ. ಬಳಿಕ ಒಟ್ಟು ಧ್ವನಿಯನ್ನು ಏರಿಸಿದಾಗ, ಮೆಲ್ಲನೆಯ ಸ್ವರದೊಡನೆ ತಿದಿಯ ಕಿರುಗುಟ್ಟುವಿಕೆಯೂ ಮೇಲೇಳುತ್ತದೆ. ಹಾಡುಗಾರರ ಧ್ವನಿಗೆ ಇದು ಹಿತಮಿತವಾಗಿ ಒಪ್ಪೀತು. ಆದರೆ ಗಾಳಿಯ ಒತ್ತಡ ಹೆಚ್ಚಿದಂತೆ ಸ್ವರ ಅರಳುವುದೇ ಆ ವಾದ್ಯದ ಗುಣ. ಆ ವ್ಯತ್ಯಾಸವನ್ನು ಹಿಡಿಯಲೆಂದೇ ಮೂರು ಬಾರಿ ನುಡಿಸಿದ್ದು. ಅದನ್ನೇ ನಾವು ಅಳಿಸಿಹಾಕಿದ್ದೆವು. ಹಾಗೆಯೇ ಮುದ್ರಿಸಿದ್ದರೆ ಬೇಕೆಂದಾಗ ಕುಗ್ಗಿಸಬಹುದಿತ್ತು. ಕುಗ್ಗಿಸಿಯೇ ಮುದ್ರಿಸಿದ್ದನ್ನು ಮೊದಲಿನ ಸ್ಥಿತಿಗೆ ತರಲಾಗದು. ಕ್ಷೀಣ ಧ್ವನಿಗೆ ನಾನು ಹೆದರಬೇಕಾಗಿಯೂ ಇರಲಿಲ್ಲ. ಕ್ಯಾಸೆಟ್ಟಿನ ಕಾಲದಲ್ಲಿ ಮೆಲ್ಲನೆಯ ಸದ್ದು ಟೇಪಿನ ‘ಸ್’ ಶಬ್ದದಲ್ಲಿ ಮುಳುಗುತ್ತಿತ್ತು, ನಿಜ. ಈಗಿನ 24 ಬಿಟ್ ಮುದ್ರಣದಲ್ಲಿ ಧ್ವನಿಯ ಮಟ್ಟವನ್ನು ತಗ್ಗಿಸಿಟ್ಟರೂ ಹೇಳಿಕೊಳ್ಳುವಂಥ ನಷ್ಟವಿಲ್ಲ.

ಕೀಬೋರ್ಡನ್ನು ಮೊದಲ ಭಾನುವಾರ ನುಡಿಸಿದಾಗಲೇ ಮೇಷ್ಟ್ರ ಮಾತು ನೆನಪಾಯಿತು. ಆದರೂ ಅವರೆದುರು ಒಪ್ಪಿಕೊಳ್ಳಲು ನನಗೆ ಬಾಯಿ ಬರಲಿಲ್ಲ. 2021ರಲ್ಲಿ ಅವರು ತೀರಿಕೊಂಡರು.

ಮರುವರ್ಷ ಅದೇ ಯುವಕನನ್ನು ಕರೆಸಿ, ಕಂಪ್ರೆಸರ್ ಇಲ್ಲದೆ ಎಲ್ಲವನ್ನೂ ಪುನಃ ಮುದ್ರಿಸಿದೆವು. ತಿದಿ ತುಳಿದವನು ನಾನೇ. ಅಷ್ಟರಲ್ಲಿ ಐದು ಕೀಗಳು ಪೂರ್ತಿ ಮೂಕವಾಗಿದ್ದವು. ಅವುಗಳ ಜಾಗದಲ್ಲಿ ಮೇಷ್ಟ್ರು ನುಡಿಸಿದ ಹಳೆಯ ಸ್ಯಾಂಪಲುಗಳನ್ನೇ ಉಳಿಸಿಕೊಂಡೆವು. ವಾರ್ಷಿಕ ಹಬ್ಬಕ್ಕೆಂದು ಆ ಊರಿಗೆ ಈಗಲೂ ಹೋಗುತ್ತೇನೆ. ಕಾಣಿಕೆ ಗೀತೆ ಆ ಕೀಗಳ ಮೇಲೆ ಹಾದಾಗ ಸ್ವರ ಇದ್ದಕ್ಕಿದ್ದಂತೆ ಚಪ್ಪಟೆಯಾಗುತ್ತದೆ. ಜನ ಹಾಡುತ್ತಲೇ ಇರುತ್ತಾರೆ.